ಪಕ್ಕದವರ ಹೊಲದಲ್ಲಿ ದಾರಿ: ಪರ್ಮಿಷನ್ ಕೇಳಿ ಓಡಾಡಿದ್ರೆ ಹಕ್ಕು ಹುಟ್ಟಲ್ಲ

ಇನ್ನೊಬ್ಬರ ಜಮೀನು ಹಾದು ನಮ್ಮ ಜಮೀನಿಗೆ ಹೋಗೋ ದಾರಿಯ ಜಗಳ ಇವತ್ತು ನಿನ್ನೆದಲ್ಲ. ಕ್ರಿ.ಪೂ. 5ನೇ ಶತಮಾನದಲ್ಲೇ ರೋಮನ್ನರು ತಮ್ಮ ಹನ್ನೆರಡು ಫಲಕಗಳ ಕಾನೂನಲ್ಲಿ ದಾರಿ ನೇರ ಇರೋ ಕಡೆ 8 ಅಡಿ, ತಿರುವಲ್ಲಿ 16 ಅಡಿ ಅಂತ ಬರೆದಿಟ್ಟಿದ್ರು. ಅವರಲ್ಲಿ ನಡ್ಕೊಂಡು ಹೋಗೋ ಹಕ್ಕು, ದನ ಹೊಡ್ಕೊಂಡು ಹೋಗೋ ಹಕ್ಕು, ಗಾಡಿ ಓಡಿಸೋ ಹಕ್ಕು ಎಲ್ಲಾ ಬೇರೆ ಬೇರೆ. ಜೊತೆಗೆ ಇನ್ನೊಂದು ಮಾತು ರೋಮನ್ನರಿಂದಲೇ ಬಂತು: ಬಹಳ ಕಾಲ ಓಡಾಡಿದ್ದಕ್ಕೆ ಹಕ್ಕು ಹುಟ್ಟಬೇಕಂದ್ರೆ ದಾರಿ ಬಳಸಿದ್ದು ಬಲವಂತದಿಂದ ಆಗಿರಬಾರದು, ಕದ್ದುಮುಚ್ಚಿ ಆಗಿರಬಾರದು, ಮಾಲೀಕನ ಅನುಮತಿ ಪಡೆದೂ ಆಗಿರಬಾರದು.

ಮೂರನೇದು ವಿಚಿತ್ರ ಅನ್ಸುತ್ತೆ, ಒಳ್ಳೆ ಮನುಷ್ಯನಾಗಿ ಕೇಳಿಕೊಂಡು ಹೋದವನಿಗೇ ನಷ್ಟ. ಆದ್ರೆ ಇವತ್ತಿನ ಅರ್ಧ ಕೇಸುಗಳ ಗಂಟು ಇರೋದೇ ಇಲ್ಲಿ ಅಂತ ನನ್ನ ಅನಿಸಿಕೆ.

ಇಂಗ್ಲೆಂಡಲ್ಲಿ ಹಳೇ ಬಳಕೆ ತೋರಿಸಿ ದಾರಿ ಹಕ್ಕು ಕೇಳಬೇಕಂದ್ರೆ 1189ರಿಂದ, ಅಂದ್ರೆ ಮೊದಲನೇ ರಿಚರ್ಡ್ ಪಟ್ಟಕ್ಕೆ ಬಂದಾಗಿನಿಂದ ಇದೆ ಅನ್ನಬೇಕಿತ್ತು. ಅಷ್ಟು ಹಿಂದಿನದಕ್ಕೆ ಸಾಕ್ಷಿ ಯಾರು ತರ್ತಾರೆ? ಕೋರ್ಟುಗಳು ಹಿಂದೆ ಯಾವಾಗಲೋ ದಾರಿ ಬಿಟ್ಟುಕೊಟ್ಟ ಪತ್ರ ಆಗಿತ್ತು, ಈಗ ಕಳೆದುಹೋಗಿದೆ ಅಂತ ಊಹಿಸ್ಕೊಂಡು ಕಾಲ ತಳ್ಳಿದ್ವು, ಕೊನೆಗೆ 1832ರಲ್ಲಿ ಕಾಯ್ದೆನೇ ಬಂದು 20 ವರ್ಷ ಬಳಸಿದ್ರೆ ಸಾಕು ಅನ್ನೋ ಲೆಕ್ಕ ಶುರುವಾಯ್ತು.

ನಮ್ಮಲ್ಲಿ ಇನ್ನೊಬ್ಬರ ಜಮೀನಿನ ಮೇಲೆ ದಾರಿಯಂಥ ಬಳಕೆ ಹಕ್ಕುಗಳ ಬಗ್ಗೆ 1882ರ ಈಸ್ಮೆಂಟ್ಸ್ ಆಕ್ಟ್ ಬಂತು, ಮೊದಲು ಮದ್ರಾಸ್, ಸೆಂಟ್ರಲ್ ಪ್ರಾವಿನ್ಸಸ್, ಕೊಡಗಿಗೆ ಮಾತ್ರ. ಇದರ 15ನೇ ಸೆಕ್ಷನ್ ಪ್ರಕಾರ ಶಾಂತವಾಗಿ, ಎಲ್ಲರಿಗೂ ಕಾಣೋ ಹಾಗೆ, ಹಕ್ಕಿನಿಂದ, ತಡೆಯಿಲ್ಲದೆ 20 ವರ್ಷ ಓಡಾಡಿರಬೇಕು, ಸರ್ಕಾರಿ ಜಮೀನಾದ್ರೆ 30. "ಹೋಗಣ್ಣ, ನಾನೇನು ಬೇಡ ಅಂದ್ನಾ" ಅಂತ ಮಾಲೀಕ ಬಿಟ್ಟುಕೊಟ್ಟಿದ್ರೆ ಅದು ಬರೀ ಲೈಸೆನ್ಸ್, ಅಂದ್ರೆ ಅನುಮತಿ ಅಷ್ಟೇ, ಹಕ್ಕಲ್ಲ, ಅವನ ಮಗ ಬೇಲಿ ಹಾಕಿದ ದಿನ ಸಾಮಾನ್ಯವಾಗಿ ಅಲ್ಲಿಗೆ ಮುಗೀತು.

28ನೇ ಸೆಕ್ಷನ್ನಲ್ಲಿ ಆ ರೋಮನ್ ಲೆಕ್ಕನೇ ಮತ್ತೆ ಕಾಣುತ್ತೆ, ಒಂದು ಬಗೆಯ ದಾರಿ ಹಕ್ಕಲ್ಲಿ ಇನ್ನೊಂದು ಬಗೆ ಸೇರಲ್ಲ. ಅಜ್ಜನ ಕಾಲದಿಂದ ಬದು ಮೇಲೆ ನಡ್ಕೊಂಡು ಹೋಗ್ತಿದ್ದವರು ಈಗ ಟ್ರ್ಯಾಕ್ಟರ್ ತರ್ತೀವಿ ಅಂದ್ರೆ ತಕರಾರು ಏಳೋದು ಇದಕ್ಕೇ.

ಇನ್ನು ಭಾಗ ಆದಾಗ. ಅಣ್ಣನಿಗೆ ರೋಡ್ ಕಡೆ, ತಮ್ಮನಿಗೆ ಹಿಂದುಗಡೆ ಹೋಯ್ತು, ಪತ್ರದಲ್ಲಿ ಚಕ್ಕುಬಂದಿ ಇದೆ ದಾರಿ ಇಲ್ಲ, ಅಂಥವರಿಗೆ 13ನೇ ಸೆಕ್ಷನ್ ಅಗತ್ಯದ ದಾರಿ ಕೊಡುತ್ತೆ, 20 ವರ್ಷ ಕಾಯಬೇಕಿಲ್ಲ. ಆದ್ರೆ ಬೇರೆ ಕಡೆಯಿಂದ ದಾರಿ ಸಿಕ್ಕಿ ಆ ಅಗತ್ಯ ತೀರಿದ್ರೆ 41ನೇ ಸೆಕ್ಷನ್ ಪ್ರಕಾರ ಆ ಹಕ್ಕೂ ಹೋಗುತ್ತೆ. ಅದಕ್ಕೇ ವಿಭಾಗಪತ್ರದಲ್ಲೇ ಅಗಲ ಎಷ್ಟು, ಯಾವ ಸರ್ವೆ ನಂಬರ್, ಗಾಡಿ ಟ್ರ್ಯಾಕ್ಟರ್ ಹೋಗಬಹುದಾ ಅಂತ ಬರೆಸಿಬಿಡೋದು ವಾಸಿ. ದಾರಿ ರಿಪೇರಿ ಖರ್ಚೂ ಬರೆಸಿ, ಯಾಕಂದ್ರೆ ಕಾಯ್ದೆ ಪ್ರಕಾರ ಅದು ಓಡಾಡೋರ ತಲೆ ಮೇಲೆ, ಜಮೀನು ಮಾಲೀಕ ಒಂದು ಬುಟ್ಟಿ ಮಣ್ಣೂ ಹಾಕಬೇಕಿಲ್ಲ, ಹತ್ತು ಮನೆಯವರು ಬಳಸೋ ದಾರೀಲಿ ಮಳೆಗಾಲ ಬಂದಾಗ ಜಗಳ ಏಳೋದೂ ಇದರ ಮೇಲೇ.