ಮದುವೆ ಉಡುಗೊರೆ, ಮುಂಗಡ ಮತ್ತು ಆಷಾಢ

ಮದುವೆ ಸೀಸನ್ ಬಂತೆಂದರೆ ನಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. "ರಿಟರ್ನ್ ಗಿಫ್ಟ್‌ಗೆ ಮುನ್ನೂರು ಪೀಸ್ ಬೇಕು, ಇನ್ನೂರರ ಆಸುಪಾಸು ಇರಲಿ, ಇಪ್ಪತ್ತು ದಿನದಲ್ಲಿ ಆಗುತ್ತಾ?" ಚೌಕಾಸಿ ನಡೆಯುವುದೆಲ್ಲ ಆ ಇನ್ನೂರರ ಮೇಲೆ. ನನಗೆ ತಲೆಬಿಸಿ ಆ ಇಪ್ಪತ್ತು ದಿನದ್ದು.

ನಾವು ಮಾರುವುದು ಕೈಕೆಲಸದ ಮನೆ ಸಾಮಾನು. ಚನ್ನಪಟ್ಟಣದ ಮರದ ಭರಣಿ, ಬಟ್ಟಲು, ನವಲಗುಂದದ ಜಮಖಾನ, ಬೀದರಿನ ಬಿದ್ರಿ ಲೋಹದ ಸಾಮಾನು, ಸಂಡೂರಿನ ಲಂಬಾಣಿ ಕಸೂತಿಯ ದಿಂಬಿನ ಕವರು. ಸಾಮಾಜಿಕ ಉದ್ಯಮ ಅಂತ ಬೋರ್ಡಿನಲ್ಲೂ ಬರೆಸಿದ್ದೇವೆ. ನಮ್ಮದು ಫೇರ್ ಟ್ರೇಡ್, ನ್ಯಾಯದ ವ್ಯಾಪಾರ ಅಂದರೆ "ಮಾಡುವವರಿಗೆ ನಾಲ್ಕು ಕಾಸು ಜಾಸ್ತಿ ಕೊಡೋದು, ಅಷ್ಟೇ ತಾನೆ" ಅನ್ನುವವರೇ ಹೆಚ್ಚು. ಜಾಸ್ತಿ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆ ರೇಟು ಒಪ್ಪಿಕೊಂಡು ದುಡ್ಡನ್ನು ಮೂರು ತಿಂಗಳು ಬಿಟ್ಟು ಕೊಟ್ಟರೆ, ಆ ರೇಟು ಕೈಸಾಲದ ಬಡ್ಡಿಯಲ್ಲೇ ಕರಗಿ ಹೋಗುತ್ತದೆ. ಮದುವೆ ವ್ಯಾಪಾರದಲ್ಲಿ ಮೋಸ ನುಸುಳುವುದು ಹೆಚ್ಚಾಗಿ ತಾರೀಖುಗಳ ಸಂದಿಯಲ್ಲೇ.

ಚನ್ನಪಟ್ಟಣದ ಕುಂಕುಮ ಭರಣಿಯನ್ನೇ ನೋಡಿ. ಅದನ್ನು ಕಡೆಯುವುದು ಆಲೆ ಮರದಲ್ಲಿ. ಬೆಳ್ಳಗಿರುತ್ತದೆ, ಮೆತ್ತಗಿರುತ್ತದೆ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಲೇತ್ ಮೇಲೆ ಮರ ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದು ಒಂದೆರಡು ಸಲ ಎಳೆದರೆ ಕನ್ನಡಿಯ ಹೊಳಪು. ಬ್ರಷ್ ಇಲ್ಲ, ಬಣ್ಣ ಒಣಗಲಿ ಅಂತ ಕಾಯುವುದೂ ಇಲ್ಲ. ಇದನ್ನು ಯಾರೋ ವಿಡಿಯೋ ಮಾಡಿ ಹಾಕಿರುತ್ತಾರೆ, ನೋಡಿದವರಿಗೆ "ಒಂದಕ್ಕೆ ಐದೇ ನಿಮಿಷ, ಮುನ್ನೂರು ಯಾವ ಮಹಾ" ಅನ್ನಿಸುತ್ತದೆ.

ವಿಡಿಯೋದಲ್ಲಿ ಕಾಣದ್ದು ಮರ ಒಣಗುವ ಕೆಲಸ. ಹಸಿ ಮರದಲ್ಲಿ ಕಡೆದ ಭರಣಿ ಮಾಡಿದ ದಿನ ಬಲು ಚೆಂದ. ಆಮೇಲೆ ಒಣಗುತ್ತಾ ಕುಗ್ಗುತ್ತದೆ, ಅದೂ ಎಲ್ಲಾ ಕಡೆ ಒಂದೇ ಸಮ ಕುಗ್ಗುವುದಿಲ್ಲ. ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ಬರುತ್ತದೆ, ಮುಚ್ಚಳ ಒಂದು ಕಡೆ ಕಚ್ಚಿಕೊಂಡು ಇನ್ನೊಂದು ಕಡೆ ಅಲ್ಲಾಡುತ್ತದೆ, ಅರಗು ಸಣ್ಣಗೆ ಸೀಳುತ್ತದೆ. ಅದಕ್ಕೇ ನಾನು ಮಾಲು ತೆಗೆದುಕೊಳ್ಳುವಾಗ ಮುಚ್ಚಳ ಹಾಕಿ, ಒಂದು ಸುತ್ತು ತಿರುಗಿಸಿ, ತೆಗೆದು ನೋಡುತ್ತೇನೆ. ಸುತ್ತಿನಲ್ಲಿ ಎಲ್ಲಾದರೂ ಬಿಗಿ ಬಂದರೆ ಮರ ಒಣಗಿಲ್ಲ ಅಂತ ಲೆಕ್ಕ. ಇಪ್ಪತ್ತು ದಿನದ ಆರ್ಡರನ್ನು ಹೊಸ ಮರದಲ್ಲಿ ಒಪ್ಪಿಕೊಂಡರೆ ಆಗುವುದೇ ಇದು. ಆಮೇಲೆ "ಕ್ವಾಲಿಟಿ ಇಲ್ಲ" ಅಂತ ವಾಪಸ್ ಕಳಿಸಿದರೆ ನಷ್ಟ ಯಾರಿಗೆ? ಅವಸರ ಮಾಡಿಸಿದವರಿಗಂತೂ ಅಲ್ಲ.

ಹಾಗಾಗಿ ನಮ್ಮ ವರ್ಷ ಶುರುವಾಗುವುದು ಆಷಾಢದಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಖಾಲಿ, ಕಡೆಯುವವರ ಕೈಯೂ ಖಾಲಿ. ಬೇರೆಯವರು ಆರ್ಡರ್ ನಿಲ್ಲಿಸುವ ಆ ತಿಂಗಳಲ್ಲೇ ನಾವು ಮರಕ್ಕೆ ಮುಂಗಡ ಕೊಡುತ್ತೇವೆ. ಮರ ಕೊಂಡು ಸೀಳಿ ನೆರಳಲ್ಲಿ ಪೇರಿಸಿಟ್ಟರೆ ಕಾರ್ತಿಕದ ಹೊತ್ತಿಗೆ, ಇನ್ನೂ ಒಳ್ಳೆಯದೆಂದರೆ ಮಾಘದ ಹೊತ್ತಿಗೆ, ಲೇತ್‌ಗೆ ಏರಿಸಬಹುದು. ಜೊತೆಗೆ ಯಾವಾಗಲೂ ಹೋಗುವ ಬಟ್ಟಲು, ಚಮಚ, ಮಸಾಲೆ ಡಬ್ಬಿಗಳ ಸ್ಟಾಕ್ ಕೆಲಸವನ್ನೂ ಆಗಲೇ ಮಾಡಿಸುತ್ತೇವೆ. ಇದರಿಂದ ನಮ್ಮ ದುಡ್ಡು ಐದಾರು ತಿಂಗಳು ಗೋದಾಮಿನಲ್ಲಿ ಕೂತಿರುತ್ತದೆ, ನಿಜ. ನಮ್ಮ ಅಕೌಂಟೆಂಟ್ ಪ್ರತಿ ಸಲ ಮುಖ ಸಿಂಡರಿಸುತ್ತಾರೆ. ಆದರೆ ಆ ಭಾರ ಹೊರಲು ನಮಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇದೆ, ಮನೆಯಲ್ಲೇ ಲೇತ್ ಇಟ್ಟುಕೊಂಡವರಿಗೆ ಇರುವುದು ಕೈಸಾಲ.

ಮುಂಗಡದ ವಿಷಯದಲ್ಲಿ ನಾವೇನೂ ಹೊಸದಾಗಿ ಕಂಡುಹಿಡಿದಿಲ್ಲ. ವಿಶ್ವ ಫೇರ್ ಟ್ರೇಡ್ ಸಂಘಟನೆ, ಅಂದರೆ ಡಬ್ಲ್ಯುಎಫ್‌ಟಿಒ, ಹತ್ತು ತತ್ವಗಳನ್ನು ಇಟ್ಟುಕೊಂಡಿದೆ. ಕರಕುಶಲ ವಸ್ತುಗಳಾದರೆ ಮಾಡುವವರು ಕೇಳಿದಾಗ ಕನಿಷ್ಠ ಶೇ. 50 ಮುಂಗಡವನ್ನು ಬಡ್ಡಿಯಿಲ್ಲದೆ ಕೊಡಬೇಕು ಅನ್ನುವುದು ಅದರಲ್ಲೇ ಬರುತ್ತದೆ. ಅವರ ತಪ್ಪಿಲ್ಲದೆ ಆರ್ಡರ್ ರದ್ದಾದರೆ ಅಲ್ಲಿಯವರೆಗಿನ ಕೆಲಸಕ್ಕೆ ಪರಿಹಾರ ಕೊಡಬೇಕು ಅನ್ನುವುದೂ ಇದೆ. ನನ್ನ ಕೇಳಿದರೆ ಹತ್ತರಲ್ಲಿ ಈ ಒಂದನ್ನು ನೆಟ್ಟಗೆ ಪಾಲಿಸಿದರೂ ಅರ್ಧ ದಾರಿ ಸಾಗಿದ ಹಾಗೆ.

"ಹಾಗಾದರೆ ಆ ಫೇರ್‌ಟ್ರೇಡ್ ಸೀಲ್ ಎಲ್ಲಿ, ಕಾಫಿ ಪ್ಯಾಕೆಟ್ ಮೇಲೆ ಇರುತ್ತಲ್ಲ?" ಅಂತ ಕೇಳುವವರಿದ್ದಾರೆ. ಅದು ಕಾಫಿ, ಟೀ, ಬಾಳೆಹಣ್ಣು, ಹತ್ತಿ ಇಂಥ ಬೆಳೆಗಳಿಗೆ ಕೊಡುವ ಗುರುತು. ಕೈಕೆಲಸಕ್ಕೆ ಹಾಗೆ ಒಂದೊಂದು ವಸ್ತುವನ್ನು ಅಳೆಯಲು ಆಗುವುದಿಲ್ಲ, ಅಲ್ಲಿ ಸಂಸ್ಥೆಯ ನಡೆಯನ್ನೇ ಪರಿಶೀಲಿಸುತ್ತಾರೆ. ಇನ್ನು ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬೇರೆಯೇ ಕಥೆ. ಚನ್ನಪಟ್ಟಣದ ಆಟಿಕೆಗೂ ಬಿದ್ರಿಗೂ ಅದು ಸಿಕ್ಕಿದೆ. ಮಾಲು ಯಾವ ಊರಿನದು ಅಂತ ಅದು ಹೇಳುತ್ತದೆ. ಮಾಡಿದವರಿಗೆ ದುಡ್ಡು ಯಾವಾಗ ಸಿಕ್ಕಿತು ಅಂತ ಹೇಳುವುದಿಲ್ಲ.

ಬೆಲೆಗೆ ಬರೋಣ. ಬಿಲ್ಲಿನಲ್ಲಿ 210 ರೂಪಾಯಿ ಆಗುವ ಒಂದು ಭರಣಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 10 ರೂಪಾಯಿ ಜಿಎಸ್‌ಟಿ (2025ರ ಸೆಪ್ಟೆಂಬರ್ 22ರಿಂದ ಇಂಥ ಕರಕುಶಲ ವಸ್ತುಗಳಿಗೆ ಶೇ. 12 ಇದ್ದದ್ದು 5ಕ್ಕೆ ಇಳಿದು ನಾವೆಲ್ಲ ಸ್ವಲ್ಪ ಉಸಿರಾಡಿದೆವು). ಉಳಿದ 200ರಲ್ಲಿ ಮಾಡಿದವರಿಗೆ 100. ರಟ್ಟಿನ ಪೆಟ್ಟಿಗೆಗೆ 18. ಪ್ಯಾಕಿಂಗು, ಸಾಗಾಟಕ್ಕೆ 14. ಒಡೆದದ್ದು, ಸೀಳಿದ್ದು ಅಂತ 6. ಅಂಗಡಿ ಬಾಡಿಗೆ, ಹುಡುಗರ ಸಂಬಳಕ್ಕೆ 48. ಕೊನೆಗೆ ಕೈಯಲ್ಲಿ ಉಳಿಯುವುದು 14. ಗಿರಾಕಿ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೇಳಿದರೆ ಈ ಹದಿನಾಲ್ಕು ಮುಗಿದು ನಾವು ಆರು ರೂಪಾಯಿ ಸಾಲದಲ್ಲಿರುತ್ತೇವೆ. ಹಾಗಾದಾಗ ಮೊದಲು ಕತ್ತರಿ ಬೀಳುವುದು ಪೆಟ್ಟಿಗೆಗೆ ಆಗಬೇಕೇ ಹೊರತು ಆ ನೂರಕ್ಕಲ್ಲ. ಪೆಟ್ಟಿಗೆ ಬೇಡವಾ, ತಾಂಬೂಲದ ಚೀಲದಲ್ಲಿ ಹಾಗೇ ಹಾಕಿಕೊಡಿ, ಹದಿನೆಂಟು ಕಮ್ಮಿ ಮಾಡೋಣ ಅಂತ ನಾನೇ ಹೇಳುತ್ತೇನೆ. ತೆಂಗಿನಕಾಯಿ, ವೀಳ್ಯದೆಲೆ ಪಕ್ಕ ಅದು ಚೆನ್ನಾಗೇ ಕಾಣುತ್ತದೆ.

ಬಿದ್ರಿಯಲ್ಲಿ ತೊಂದರೆ ಬೇರೆ. ಸತು, ತಾಮ್ರದ ಎರಕಕ್ಕೆ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಮದುಮಕ್ಕಳಿಗೆ ಕೊಡಲು ಬಿದ್ರಿ ಕೇಳುವವರೂ ಬರುತ್ತಿದ್ದಾರೆ. ಆದರೆ 2025ರಲ್ಲಿ ಬೆಳ್ಳಿ ಕೆಜಿಗೆ ಒಂದೂವರೆ ಲಕ್ಷ ದಾಟಿತು. ಜೂನ್‌ನಲ್ಲಿ ರೇಟು ಹೇಳಿ ನವೆಂಬರಿನಲ್ಲಿ ಮಾಲು ಕೇಳಿದರೆ ನಡುವಿನ ಏರಿಕೆ ಯಾರ ಜೇಬಿನಿಂದ? ನಾವು ಆರ್ಡರ್ ಖಚಿತವಾದ ದಿನವೇ ಬೆಳ್ಳಿಯ ದುಡ್ಡು ಪೂರ್ತಿ ಕಳಿಸಿಬಿಡುತ್ತೇವೆ, ಕೂಲಿಯ ಅರ್ಧ ಆಮೇಲೆ. ಗಿರಾಕಿಗೆ ಕೊಡುವ ಕೊಟೇಶನ್‌ಗೂ ಏಳೇ ದಿನ ಆಯುಷ್ಯ.

ಜಮಖಾನದ ವಿಷಯ ಚಿಕ್ಕದು. ನವಲಗುಂದದಲ್ಲಿ ಅದನ್ನು ನೇಯುವವರು ಹೆಂಗಸರು, ಮನೆಯೊಳಗೆ ನಿಲ್ಲಿಸಿದ ಮಗ್ಗದಲ್ಲಿ. ಈಗ ಉಳಿದಿರುವವರು ಕೆಲವರೇ. ಅವಸರದ ಆರ್ಡರ್ ತೆಗೆದುಕೊಳ್ಳುವುದೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಕಂಪನಿಗಳಿಂದ ಬರುವ ದೊಡ್ಡ ಆರ್ಡರ್ ಬಗ್ಗೆ ಹೇಳದಿದ್ದರೆ ಹೊಟ್ಟೆ ಉರಿ ತಣಿಯುವುದಿಲ್ಲ. ಒಂದು ಕಂಪನಿ ದೀಪಾವಳಿಗೆ ಮಾಲು ತರಿಸಿಕೊಂಡು, "ನಮ್ಮ ಸಿಸ್ಟಮ್ಮಿನಲ್ಲಿ 90 ದಿನ" ಅಂತ ಸಂಕ್ರಾಂತಿ ದಾಟಿಸಿತು. ಅವರ ವಾರ್ಷಿಕ ವರದಿಯಲ್ಲಿ ನಮ್ಮ ಭರಣಿಯ ಫೋಟೋ ಮಾತ್ರ ಬೇಗನೇ ಬಂತು! ನೆನಪಿಡಿ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಏನೇ ಇದ್ದರೂ 45 ದಿನದ ಮೇಲೆ ಕಾಯಿಸುವ ಹಾಗಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೊಂದು ನಿಯಮ ಬಂದಿದೆ (1961ರ ಕಾಯ್ದೆಯಲ್ಲಿ ಅದು 43ಬಿ(ಎಚ್) ಕಲಂ). ಗಡುವು ಮೀರಿದರೆ ಆ ಖರ್ಚನ್ನು ಕೊಳ್ಳುವವರು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಲೆಕ್ಕಕ್ಕೆ ಹಿಡಿಯಬಹುದು. ಇದರ ರಕ್ಷಣೆ ತಯಾರಿಸುವವರಿಗೆ, ಸುಮ್ನೆ ಕೊಂಡು ಮಾರುವ ವ್ಯಾಪಾರಿಗಳಿಗಲ್ಲ. ಅದಕ್ಕೇ ನಮ್ಮ ಜೊತೆ ಕೆಲಸ ಮಾಡುವ ಘಟಕಗಳಿಗೆಲ್ಲ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದೇವೆ. ಫ್ರೀ, ಆಧಾರ್, ಪ್ಯಾನ್ ಇದ್ದರೆ ಕೂತಲ್ಲೇ ಆಗುತ್ತದೆ. ಬ್ರೋಕರ್‌ಗೆ ದುಡ್ಡು ಕೊಡಬೇಡಿ.

ಸಂಸ್ಥೆಯ ಸ್ವರೂಪ ಯಾವುದಿರಬೇಕು ಅಂತ ಹೊಸಬರು ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಸೆಕ್ಷನ್ 8 ಕಂಪನಿಯಾದರೆ ಲಾಭಾಂಶ ಹಂಚುವಂತಿಲ್ಲ, ಪ್ರೊಡ್ಯೂಸರ್ ಕಂಪನಿಯಾದರೆ ಮಾಡುವವರೇ ಷೇರುದಾರರು, ಪ್ರೈವೇಟ್ ಲಿಮಿಟೆಡ್ ಆದರೆ ಸಾಲ ಸಿಗುವುದು ಸ್ವಲ್ಪ ಸುಲಭ. ಯಾವುದೇ ಆಗಲಿ, ಒಳ್ಳೆಯ ಉದ್ದೇಶ ಇದೆ ಅಂತ ಬಾಡಿಗೆ ಕಟ್ಟುವುದು ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 1979ರಿಂದ ಫೇರ್ ಟ್ರೇಡ್ ಅಂದರೆ ಮೊದಲು ನೆನಪಾಗುತ್ತಿದ್ದ ಟ್ರೇಡ್‌ಕ್ರಾಫ್ಟ್ ಕಂಪನಿಯೂ 2023ರ ಜನವರಿಯಲ್ಲಿ ಬಾಗಿಲು ಹಾಕಿತು.

ಹಾಗಂತ ಕರುಣೆ ಮಾರಬೇಡಿ. "ಬಡ ಕುಶಲಕರ್ಮಿಗೆ ನೆರವಾಗಿ" ಅಂತ ಕಾರ್ಡಿನಲ್ಲಿ ಬರೆದರೆ ಮೊದಲ ಸಲ ಕೊಳ್ಳುತ್ತಾರೆ, ಎರಡನೇ ಸಲ ಬರುವುದಿಲ್ಲ. ಮದುವೆ ಮನೆಯವರಿಗೆ ಬೇಕಾಗಿರುವುದು ಅತ್ತೆ ಮನೆಯವರ ಮುಂದೆ ಒಪ್ಪವಾಗಿ ಕಾಣುವ, ಆಮೇಲೆ ಮನೆಯಲ್ಲಿ ಬಳಕೆಗೆ ಬರುವ ವಸ್ತು. ನಮ್ಮ ಕಾರ್ಡಿನಲ್ಲಿ ಇರುವುದು ಇಷ್ಟೇ: ನೀರಲ್ಲಿ ನೆನೆಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡಬೇಡಿ. ಮಾಡಿದವರ ಹೆಸರು ಹಾಕುವುದು ಅವರು ಬೇಕು ಅಂದರೆ ಮಾತ್ರ. ಎಷ್ಟೋ ಜನ ಬೇಡ ಅನ್ನುತ್ತಾರೆ.

ಹೆಸರು ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ವಧೂವರರ ಹೆಸರು, ಮದುವೆ ತಾರೀಖನ್ನು ಮುಚ್ಚಳದ ಮೇಲೇ ಕೆತ್ತಿಸಿಕೊಡಿ ಅಂತ ಈಚೆಗೆ ತುಂಬಾ ಕೇಳುತ್ತಾರೆ. ಲೇಸರ್ ಇದೆ, ಕಷ್ಟವೇನಲ್ಲ. ಆದರೆ ಮದುವೆ ಮುಂದಕ್ಕೆ ಹೋಯಿತು, ಮುರಿಯಿತು, ಇಲ್ಲವೇ ಮುನ್ನೂರರಲ್ಲಿ ಎಂಬತ್ತು ಉಳಿದು "ವಾಪಸ್ ತಗೊಳ್ಳಿ" ಅಂದರು ಅನ್ನಿ, ಬೇರೆಯವರ ಹೆಸರಿರುವ ಭರಣಿಯನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಹೆಸರು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ, ಚೀಟಿ ಕಿತ್ತರೆ ಮಾಲು ಮತ್ತೆ ಮಾಲೇ. ಇಲ್ಲ, ಮರದ ಮೇಲೇ ಬೇಕು ಅಂತ ಹಟ ಹಿಡಿದರೆ ಪೂರ್ತಿ ದುಡ್ಡು ಮೊದಲೇ ಕೊಡಬೇಕು, ವಾಪಸ್ ಇಲ್ಲ. ಆ ದುಡ್ಡು ಬಂದ ಮೇಲೆಯೇ ಚನ್ನಪಟ್ಟಣಕ್ಕೆ ಫೋನ್ ಹೋಗುವುದು.