ಬಾಡಿಗೆ ಮನೆಗೆ ಬೂಷ್ಟು ಹಿಡಿದರೆ ಹೊಣೆ ಯಾರದು? ಕಲಂ 108ರ ಟಿಪ್ಪಣಿ

ಮನೆ ರಿಪೇರಿ ಮಾಲೀಕರೇ ಮಾಡಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲೋ ಬರೆದಿರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿರುತ್ತೇವೆ. ಮಾಲೀಕರು, ಬಾಡಿಗೆದಾರರ ಹಕ್ಕು ಮತ್ತು ಹೊಣೆಗಳನ್ನು ಹೇಳುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108. ಅದರಲ್ಲಿ ಅಂಥ ನೇರ ಸಾಲು ಇಲ್ಲ. ಬೂಷ್ಟು ಹಿಡಿದ ಗೋಡೆಯೊಂದನ್ನು ಎದುರಿಗೆ ಇಟ್ಟುಕೊಂಡು ಓದಿದರೆ ಈ ಕಲಂ ಬೇಗ ತಲೆಗೆ ಹತ್ತುತ್ತದೆ.

ಮೊದಲು, ನೀರು ಎಲ್ಲಿಂದ ಬಂತು? ಹೊಣೆಯ ಪ್ರಶ್ನೆ ನಿಂತಿರುವುದೇ ಇದರ ಮೇಲೆ. ಮೇಲಿನ ಮನೆಯ ಬಚ್ಚಲು, ಗೋಡೆಯೊಳಗೆ ಒಡೆದ ಪೈಪ್, ಬಿರುಕು ಬಿಟ್ಟ ತಾರಸಿ, ಪಾಯದಿಂದ ಮೇಲೇರುವ ತೇವ, ಇವೆಲ್ಲ ಕಟ್ಟಡದ ದೋಷ. ಅಡುಗೆಯ ಆವಿ, ಮಳೆಗಾಲದಲ್ಲಿ ರೂಮಿನೊಳಗೆ ಬಟ್ಟೆ ಒಣಗಿಸುವುದು, ಗೋಡೆಗೆ ಒತ್ತಿ ನಿಲ್ಲಿಸಿದ ಬೀರು, ಇವು ನಾವು ಬಳಸುವ ರೀತಿಗೆ ಸೇರಿದವು. ಆದರೆ ಬಚ್ಚಲಿಗೆ ಗಾಳಿ ಹೋಗುವ ಕಿಂಡಿಯೇ ಇಲ್ಲದಿದ್ದರೆ ಅಲ್ಲಿ ಆವಿ ನಿಲ್ಲುವುದಕ್ಕೆ ಬಾಡಿಗೆದಾರ ಏನು ಮಾಡಲಾದೀತು?

ಪತ್ತೆಗೆ ಒಂದು ಸುಲಭ ದಾರಿ ಇದೆ. ಒರೆಸಿ ಒಣಗಿಸಿದ ಗೋಡೆಯ ಮೇಲೆ ಅಲ್ಯೂಮಿನಿಯಂ ಫಾಯಿಲ್ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಫಾಯಿಲ್‌ನ ಹಿಂಬದಿ ಒದ್ದೆಯಾದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಮುಂಬದಿಯಲ್ಲಿ ಹನಿ ಕೂತರೆ ಅದು ರೂಮಿನ ಗಾಳಿಯ ತೇವ. ಬಿಳಿ ಪುಡಿ ಕಂಡ ಕೂಡಲೇ ಬೂಷ್ಟು ಅನ್ನಬೇಡಿ. ನೀರು ಚಿಮುಕಿಸಿದಾಗ ಕರಗಿದರೆ ಅದು ಗೋಡೆ ಬಿಟ್ಟ ಉಪ್ಪು. ಆದರೂ ಒಳಗೆ ನೀರು ಓಡಾಡಿದೆ ಎನ್ನುವುದಕ್ಕೆ ಅದೂ ಸಾಕ್ಷಿಯೇ.

ಈಗ ಕಲಂಗೆ ಬನ್ನಿ. ಉಪಕಲಂ (ಎ) ಪ್ರಕಾರ, ಮಾಲೀಕರಿಗೆ ಗೊತ್ತಿದ್ದು ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಮೊದಲೇ ಹೇಳಬೇಕು. ಪ್ರತಿ ಮಳೆಗಾಲ ಸೋರುವ ಗೋಡೆಗೆ ಹೊಸ ಪೇಂಟ್ ಬಳಿದು ಬಾಡಿಗೆಗೆ ಕೊಡುವುದು ಇದಕ್ಕೆ ಒಳ್ಳೆಯ ಉದಾಹರಣೆ. ಉಪಕಲಂ (ಎಫ್) ಬಾಡಿಗೆದಾರರ ಕೈಗೆ ನಿಜವಾದ ಬಲ ಕೊಡುತ್ತದೆ. ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಲೀಕರು ರಿಪೇರಿ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಅಲ್ಲೊಂದು ಷರತ್ತು ಇದೆ: ಅದು ಮಾಲೀಕರು 'ಮಾಡಿಸಲು ಬದ್ಧರಾಗಿರುವ' ರಿಪೇರಿ ಆಗಿರಬೇಕು. ಆ ಬದ್ಧತೆ ಹೆಚ್ಚಾಗಿ ಕರಾರಿನಿಂದಲೇ ಬರಬೇಕು. ಕಾನೂನು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಈ ಷರತ್ತನ್ನು ಬಿಟ್ಟು ಬರೆದರೆ ಉತ್ತರ ಅರ್ಧವೇ. (ಎಂ) ಬಾಡಿಗೆದಾರರ ಕಡೆಯದು: ಮನೆಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಬೇಕು, ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಮಾತ್ರ ವಿನಾಯಿತಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇಲ್ಲಿ ನೆರವಿಗೆ ಬರುವುದು ಅಪರೂಪ. ಬೆಂಗಳೂರಿನಂಥ ಕಡೆ 3,500 ರೂಪಾಯಿ ಬಾಡಿಗೆ ಮಿತಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆ ಮಾತ್ರ ಕೆಲಸ ಹಂಚಿ ಬರೆದಿದೆ. ಕಟ್ಟಡದ ರಚನೆಯ ರಿಪೇರಿ, ಸುಣ್ಣಬಣ್ಣ, ಪೈಪ್ ಬದಲಾವಣೆ ಮಾಲೀಕರಿಗೆ. ನಲ್ಲಿಯ ವಾಷರ್, ಚರಂಡಿ ಶುಚಿ, ಸ್ವಿಚ್ಚು ಬಾಡಿಗೆದಾರರಿಗೆ. ರಿಪೇರಿ ಖರ್ಚಿಗೆಂದು ಒಂದು ತಿಂಗಳಲ್ಲಿ ಬಾಡಿಗೆಯ ಶೇ. 50ಕ್ಕಿಂತ ಜಾಸ್ತಿ ಮುರಿದುಕೊಳ್ಳುವಂತಿಲ್ಲ. ಹೆಸರೇ ಹೇಳುವಂತೆ ಇದು ಮಾದರಿ. ರಾಜ್ಯವೊಂದು ತನ್ನದೇ ಕಾನೂನು ಮಾಡಿದರೆ ಮಾತ್ರ ಅಲ್ಲಿ ಬಲ ಬರುತ್ತದೆ. ಆದರೂ ಕರಾರು ಬರೆಯುವಾಗ ಈ ಪಟ್ಟಿಯನ್ನೇ ಎತ್ತಿ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹಾಗೆ ಸೇರಿಸಿದರೆ (ಎಫ್) ಕೇಳುವ ಬದ್ಧತೆ ಸಿಕ್ಕಿಬಿಡುತ್ತದೆ. ನನ್ನ ಪ್ರಕಾರ ಈ ಟಿಪ್ಪಣಿಯಲ್ಲಿ ತುಂಬ ಉಪಯೋಗಕ್ಕೆ ಬರುವ ಮಾತು ಇದೇ.

"ನೀವು ಕಿಟಕಿ ತೆಗೆಯೋದಿಲ್ಲ, ಅದಕ್ಕೇ ಬೂಷ್ಟು" ಎಂಬ ಮಾತು ನಮ್ಮಲ್ಲಿ ಬಹಳ ಕೇಳುತ್ತದೆ, ಅಲ್ವಾ? ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗುವಿನ ಮನೆಯವರ ಮೇಲೂ ಇದೇ ರೀತಿ ತಪ್ಪು ಹೊರಿಸಲಾಗಿತ್ತು. ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಹುಕಾಲ ಬೂಷ್ಟಿನ ನಡುವೆ ಬದುಕಿದ್ದೇ ಕಾರಣ ಎಂದು 2022ರಲ್ಲಿ ವಿಚಾರಣೆ ಹೇಳಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಅಲ್ಲಿನ ಸಾಮಾಜಿಕ ವಸತಿಗಳಲ್ಲಿ (ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ) ಜಾರಿಯಲ್ಲಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ಆಗಬೇಕು. ಗಂಭೀರವಾದ ತೇವ, ಬೂಷ್ಟನ್ನು 10 ಕೆಲಸದ ದಿನಗಳಲ್ಲಿ ಪರಿಶೀಲಿಸಬೇಕು. ನಮ್ಮ 'ತಕ್ಕಷ್ಟು ಸಮಯ' ಎಷ್ಟು ಸಡಿಲ ಎಂದು ಇದರ ಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಬೂಷ್ಟನ್ನು ಸೋಪಿನ ನೀರಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಮಾಸ್ಕ್, ಗ್ಲೌಸ್ ಇರಲಿ. ಬ್ಲೀಚ್ ಬಳಸಿದರೆ ಆಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಸೋರಿಕೆ ನಿಲ್ಲಿಸದೆ ಸುಮ್ನೆ ಪೇಂಟ್ ಹೊಡೆದರೆ ಬೂಷ್ಟು ಮತ್ತೆ ಬರುತ್ತದೆ. ಉಜ್ಜುವ ಮೊದಲು ಫೋಟೋ ತೆಗೆದಿಡಿ, ಮನೆಗೆ ಸೇರಿದ ದಿನದ ಫೋಟೋಗಳೂ ಇರಲಿ. ಅಡ್ವಾನ್ಸ್ ವಾಪಸ್ ಕೇಳುವಾಗ ಪೇಂಟಿಂಗ್ ಲೆಕ್ಕದಲ್ಲಿ ಎಷ್ಟು ಮುರಿಯಬಹುದು ಎಂಬ ವಾದಕ್ಕೆ ಅವೇ ಆಧಾರ. ನೋಟಿಸ್‌ನಲ್ಲಿ ಬೂಷ್ಟು ಕಂಡ ತಾರೀಕು, ಜಾಗ, ನೀರಿನ ಮೂಲ, ಕರಾರಿನ ಷರತ್ತಿನ ಸಂಖ್ಯೆ, ಎಷ್ಟು ದಿನದೊಳಗೆ ರಿಪೇರಿ ಆಗಬೇಕು ಎಂಬುದೆಲ್ಲ ಇರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.