ವೈರಸ್ ಹತ್ತುವ ಗಾಡಿ ನಮ್ಮದೇ

ವೈರಸ್ಸಿಗೆ ಸ್ವಂತ ಗಾಡಿ ಇಲ್ಲ. ಹೊಕ್ಕ ಜೀವಕೋಶದಲ್ಲಿ ಪ್ರೋಟೀನ್ ಸಾಗಿಸಲು ಯಾವ ಏರ್ಪಾಡು ಇದೆಯೋ ಅದನ್ನೇ ಹತ್ತಿ ಓಡಾಡುತ್ತದೆ. ಹಾಗಾದರೆ ಆ ಗಾಡಿಯನ್ನೇ ನಿಲ್ಲಿಸಿದರೆ? ವೈರಸ್ ಬೇಗ ಬೇಗ ರೂಪ ಬದಲಿಸಿ ಔಷಧಿಯಿಂದ ತಪ್ಪಿಸಿಕೊಳ್ಳುತ್ತದೆ. ನಮ್ಮ ಕೋಶದ ಪ್ರೋಟೀನ್ ಹಾಗೆ ಬದಲಾಗುವುದಿಲ್ಲ. ಆಸೆ ಹುಟ್ಟಿದ್ದು ಅಲ್ಲಿಂದ.

ತಮಾಷೆ ನೋಡಿ, ಈ ಸಾಗಣೆಯ ಗುಟ್ಟು ಬಿಟ್ಟುಕೊಟ್ಟದ್ದೂ ವೈರಸ್‌ಗಳೇ. 1984ರಲ್ಲಿ ಎಸ್‌ವಿ40 ಎಂಬ ಮಂಗಗಳ ವೈರಸ್ಸಿನ ಪ್ರೋಟೀನೊಂದರಲ್ಲಿ ಏಳೇ ಏಳು ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳ) ತುಣುಕು ಸಿಕ್ಕಿತು. ಕೋಶಕೇಂದ್ರಕ್ಕೆ ಒಯ್ಯಿರಿ ಎಂದು ಬರೆದ ವಿಳಾಸದ ಚೀಟಿ ಅದು. ಚೀಟಿ ಓದಿ ಹೊತ್ತೊಯ್ಯುವ ಇಂಪೋರ್ಟಿನ್ ಎಂಬ ಪ್ರೋಟೀನ್‌ಗಳು ಆಮೇಲೆ ಪತ್ತೆಯಾದವು. 2013ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಜೇಮ್ಸ್ ರಾತ್‌ಮನ್ ಕೂಡ ವೈರಸ್ ತಗುಲಿದ ಕೋಶಗಳಲ್ಲೇ ಪ್ರೋಟೀನ್ ಸಾಗಣೆಯ ಜಾಡು ಹಿಡಿದವರು.

ಅಡ್ಡಗಟ್ಟುವ ವಸ್ತುಗಳೂ ಸಿಕ್ಕವು. ಬೂಷ್ಟಿನಿಂದ ಬಂದ ಬ್ರೆಫೆಲ್ಡಿನ್ ಎ ಪ್ರಯೋಗಾಲಯದಲ್ಲಿ ಪೋಲಿಯೋ ವೈರಸ್ಸನ್ನು ತಡೆಯಿತು, ಜೊತೆಗೆ ಕೋಶದ ಮಾಮೂಲಿ ಕೆಲಸವನ್ನೂ ನಿಲ್ಲಿಸಿತು. ಲೆಪ್ಟೊಮೈಸಿನ್ ಬಿ ಕಥೆಯೂ ಅದೇ. ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಕೋಶಕೇಂದ್ರದಿಂದ ಹೊರಗೆ ಸಾಗಿಸುವ ಬಾಗಿಲನ್ನು ಅದು ಮುಚ್ಚಿತು. ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಮೈಗೆ ತಾಳಲಿಲ್ಲ. ಅದೇ ಬಾಗಿಲಿಗೆ ಕೈಹಾಕುವ, ಸ್ವಲ್ಪ ಸೌಮ್ಯವಾದ ಸೆಲಿನೆಕ್ಸಾರ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ವೈರಸ್ಸಿಗಲ್ಲ, ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ. ಕ್ಯಾನ್ಸರ್ ಬಂದವರು ಔಷಧಿಯ ಕಾಟವನ್ನು ಒಂದಿಷ್ಟು ಸಹಿಸಿಯಾರು. ನಾಲ್ಕು ದಿನದ ಜ್ವರಕ್ಕೆ ಯಾರು ಸಹಿಸುತ್ತಾರೆ, ಅಲ್ವಾ?

ಇನ್ನು ಐವರ್‌ಮೆಕ್ಟಿನ್. ಇದರ ಹೆಸರು ಕೇಳದವರು ಕಡಿಮೆ. ಇದು ಹುಳಗಳ ವಿರುದ್ಧದ ಹಳೆಯ ಔಷಧಿ. ಇಂಪೋರ್ಟಿನ್‌ಗೂ ಅಡ್ಡ ಬರುತ್ತದೆ ಎಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ ಕೋವಿಡ್‌ಗೆ ಸುಮಾರು ಎಂಟು ವರ್ಷ ಮೊದಲೇ ತೋರಿಸಿತ್ತು. ಪ್ರಯೋಗಾಲಯದಲ್ಲಿ ಎಚ್‌ಐವಿ, ಡೆಂಗಿ ವೈರಸ್‌ಗಳು ಸೊರಗಿದ್ದವು. 2020ರಲ್ಲಿ ಕೋವಿಡ್ ವೈರಸ್ ಮೇಲೆ ಅದೇ ಪ್ರಯೋಗ ನಡೆಯಿತು. 48 ಗಂಟೆಯಲ್ಲಿ ವೈರಸ್ಸಿನ ಆರ್‌ಎನ್‌ಎ ಸುಮಾರು 5,000 ಪಟ್ಟು ತಗ್ಗಿತು. ಜನ ಮಾತ್ರೆಗೆ ಮುಗಿಬಿದ್ದರು. ಆದರೆ ಆ ಕೋಶಗಳಿಗೆ ಹಾಕಿದ್ದು 5 ಮೈಕ್ರೋಮೋಲಾರ್ (ದ್ರವದಲ್ಲಿ ಔಷಧಿ ಎಷ್ಟು ದಟ್ಟವಾಗಿದೆ ಎಂಬುದರ ಅಳತೆ). ಮಾಮೂಲಿ ಡೋಸ್ ನುಂಗಿದರೆ ರಕ್ತದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆಮೇಲೆ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನನ್ನ ಪ್ರಕಾರ ತಪ್ಪು ಪ್ರಯೋಗದ್ದಲ್ಲ, ಅದನ್ನು ಓದಿದ ಅವಸರದ್ದು.

ಈಗಿನ ಹುಡುಕಾಟ ಜಾಸ್ತಿ ನಾಜೂಕು. ಇಡೀ ಗಾಡಿ ನಿಲ್ಲಿಸದೆ ಒಬ್ಬ ಪ್ರಯಾಣಿಕನನ್ನು ಮಾತ್ರ ಇಳಿಸಲಾದೀತೇ? ಕಾಡಾ ಎಂಬ ಅಣು ಹೆಚ್ಚುಕಮ್ಮಿ ಅದನ್ನೇ ಮಾಡುತ್ತದೆ. ಹೊಸ ಪ್ರೋಟೀನ್‌ಗಳು ಹಾದುಹೋಗುವ ಸೆಕ್61 ಎಂಬ ಕಿಂಡಿಯಲ್ಲಿ ಬಹುತೇಕ ಎಲ್ಲವನ್ನೂ ಬಿಟ್ಟು, ಸಿಡಿ4 ಪ್ರೋಟೀನನ್ನು ತಡೆಯುತ್ತದೆ. ಎಚ್‌ಐವಿ ಕೋಶದೊಳಕ್ಕೆ ಬರಲು ಹಿಡಿದುಕೊಳ್ಳುವುದು ಇದೇ ಸಿಡಿ4 ಅನ್ನು. ತೊಡಕು ಇಷ್ಟೇ: ರೋಗದ ವಿರುದ್ಧ ಹೋರಾಡುವ ನಮ್ಮ ಬಿಳಿ ರಕ್ತಕಣಗಳಿಗೂ ಅದು ಬೇಕು.